ಲಗ್ ಒಳಗೊಂದು ಸ್ಪ್ರಿಂಗ್

ನನ್ನ ಡ್ರಮ್ ಸೆಟ್ಟಿನಲ್ಲಿ ನೆಲಕ್ಕೆ ಕಾಲೂರಿ ನಿಲ್ಲುವ ಡ್ರಮ್, ಅಂದರೆ ಫ್ಲೋರ್ ಟಾಮ್‌ಗೆ ಒಂದು ಏಟು ಕೊಟ್ಟರೆ ಸಾಕು, ಅದರ ಬೆನ್ನಿಗೇ ಸಣ್ಣಗೆ ಝಿಂಯ್ ಅನ್ನುವ ಸದ್ದು. 1960ರ ದಶಕದ, ಲಡ್ವಿಗ್ ಕಂಪನಿಯ ಸೆಟ್ ಅದು. ಮೂರು ದಿನ ಹುಡುಕಿದೆ. ಕಾಲುಗಳನ್ನು ಬಿಗಿ ಮಾಡಿದೆ, ಬಾರಿಸುವ ಹಾಳೆ, ಅಂದರೆ ಹೆಡ್, ಬದಲಾಯಿಸಿದೆ, ಕಂಪನಿಯ ಹೆಸರಿನ ಬ್ಯಾಡ್ಜ್ ಅಲ್ಲಾಡುತ್ತಿದೆಯೋ ಏನೋ ಅಂತ ಬೆರಳಿಂದ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಬಾರಿಸಿಯೂ ನೋಡಿದೆ. ಕೊನೆಗೆ ಗೊತ್ತಾಯಿತು, ಸದ್ದು ಬರುತ್ತಿದ್ದದ್ದು ಲಗ್ ಒಳಗಿನಿಂದ.

ಡ್ರಮ್ಮಿನ ಮರದ ಮೈಗೆ ಶೆಲ್ ಅನ್ನುತ್ತಾರೆ. ಅದರ ಮೇಲೆ ಸಾಲಾಗಿ ಕೂತಿರುವ ಹೊಳೆಯುವ ಲೋಹದ ಗೂಡುಗಳಿವೆಯಲ್ವಾ, ಅವೇ ಲಗ್‌ಗಳು. 16 ಇಂಚಿನ ಈ ಟಾಮ್‌ನಲ್ಲಿ ಮೇಲೆ ಎಂಟು, ಕೆಳಗೆ ಎಂಟು. ಹೆಡ್ ಬಿಗಿ ಮಾಡುವ ಟೆನ್ಶನ್ ರಾಡ್ ಬಂದು ಸೇರುವುದು ಇದರೊಳಗೆ. ಒಂದನ್ನು ಬಿಚ್ಚಿ ನೋಡಿದೆ. ಒಳಗೆಲ್ಲಾ ಟೊಳ್ಳು. ರಾಡ್ ಕಚ್ಚಿಕೊಳ್ಳುವ ಒಂದು ಪುಟ್ಟ ಸ್ವಿವೆಲ್ ನಟ್, ಅದು ಜಾಗ ಬಿಟ್ಟು ಕದಲದಂತೆ ಒತ್ತಿ ಹಿಡಿಯಲು ಒಂದು ಸ್ಪ್ರಿಂಗ್, ಅಷ್ಟೇ. ಶೆಲ್ ನಡುಗಿದಾಗ ಆ ಸ್ಪ್ರಿಂಗ್ ಕೂಡ ನಡುಗುತ್ತದೆ. ಸ್ಪ್ರಿಂಗ್‌ಗೆ ಒಂದು ಚೂರು ಫೆಲ್ಟ್ ಸುತ್ತಿ ವಾಪಸ್ ಹಾಕಿದೆ. ಹೀಗೇ ಹದಿನಾರಕ್ಕೂ ಮಾಡಿದ ಮೇಲೆ ಟಾಮ್ ತನ್ನದೇ ದನಿಯಲ್ಲಿ ಮಾತಾಡಿತು!

ಲಗ್, ಸ್ವಿವೆಲ್ ನಟ್ ಅನ್ನುವ ಹೆಸರುಗಳು ಮೊದಲೇ ಗೊತ್ತಿದ್ದರೆ ಆ ಮೂರು ದಿನ ಉಳಿಯುತ್ತಿತ್ತು. ಹೆಸರು ಗೊತ್ತಿಲ್ಲದ ಭಾಗದ ಕಡೆ ಕಣ್ಣು ಹೋಗುವುದೇ ಇಲ್ಲ. ಅದಕ್ಕೇ ಈಗ ಒಂದೊಂದೇ ಕಲಿಯುತ್ತಿದ್ದೇನೆ.

ನನಗೆ ತುಂಬಾ ಇಷ್ಟವಾದದ್ದು ಬೇರಿಂಗ್ ಎಡ್ಜ್. ಹೆಡ್ ಬಂದು ಕೂರುವ ಶೆಲ್‌ನ ಅಂಚು ಅದು. ಹೆಡ್ ತೆಗೆದು, ಕಣ್ಣು ಮುಚ್ಚಿ, ಬೆರಳ ತುದಿಯಿಂದ ನಿಧಾನಕ್ಕೆ ಒಂದು ಸುತ್ತು ಸವರಿ ನೋಡಿ. ನನ್ನ ಸೆಟ್ಟಿನ ಅಂಚು ದುಂಡಗಿದೆ, ಈಗಿನ ಡ್ರಮ್‌ಗಳಷ್ಟು ಚೂಪಿಲ್ಲ. ದುಂಡು ಅಂಚಿನ ಮೇಲೆ ಹೆಡ್ ಜಾಸ್ತಿ ಜಾಗದಲ್ಲಿ ಒರಗುತ್ತದೆ, ಹಾಗಾಗಿ ಸದ್ದು ಮೆತ್ತಗೆ, ಬೆಚ್ಚಗೆ, ಬೇಗ ಅಡಗುವಂತೆ ಬರುತ್ತದೆ. ಅಂಚಿನ ಒಳಬದಿಗೆ ಒಂದು ಮರದ ಬಳೆ ಅಂಟಿಸಿದ್ದಾರೆ, ಅದಕ್ಕೆ ರೀ-ರಿಂಗ್ ಅನ್ನುತ್ತಾರೆ. ಆಗಿನ ಲಡ್ವಿಗ್ ಶೆಲ್‌ಗೆ ಮೂರೇ ಪದರ, ತೆಳು, ಅದು ಸೊಟ್ಟಗಾಗದೆ ದುಂಡಗೇ ಉಳಿಯಲಿ ಅಂತ ಈ ಬಳೆ.

ಕೆಳಗಿನ ಹೆಡ್‌ಗೆ ತಂತಿ ಬಿಗಿದಿರುವ ಡ್ರಮ್ಮೇ ಸ್ನೇರ್. ಅದರಲ್ಲಿ ಆ ತಂತಿಗಳನ್ನು ಎಳೆದು ಸಡಿಲ ಬಿಡುವ ಸನ್ನೆಗೆ ಸ್ಟ್ರೇನರ್, ಎದುರು ಬದಿಯಲ್ಲಿ ಸುಮ್ನೆ ಹಿಡಿದುಕೊಂಡಿರುವುದಕ್ಕೆ ಬಟ್ ಪ್ಲೇಟ್. ಅಳತೆ ಓದುವಾಗ ಮಾತ್ರ ಹುಷಾರು. ಕೆಲವರು ಆಳ ಮೊದಲು ಬರೆಯುತ್ತಾರೆ, ಕೆಲವರು ಅಗಲ ಮೊದಲು. 9×13 ಅಂದರೂ 13×9 ಅಂದರೂ ಅದೇ ಟಾಮ್.

ಬ್ಯಾಡ್ಜ್ ನೋಡಿ ವಯಸ್ಸು ಹೇಳುವವರಿದ್ದಾರೆ. 60ರ ದಶಕದ ಲಡ್ವಿಗ್‌ಗೆ ಕಮಾನಿನ ನಡುಗಲ್ಲಿನ ಆಕಾರದ ಕೀಸ್ಟೋನ್ ಬ್ಯಾಡ್ಜ್, ಗ್ರೆಚ್ ಕಂಪನಿಯ ಡ್ರಮ್‌ಗೆ ದುಂಡು ಬ್ಯಾಡ್ಜ್. ಆದರೆ ಒಳಗೂ ಒಮ್ಮೆ ಟಾರ್ಚ್ ಬಿಡಿ. ಆ ಹದಿನಾರು ಲಗ್ ಬಿಚ್ಚಿದ ದಿನವೇ ನನಗೆ ಶೆಲ್ ಒಳಗೆ ಮಾಸಿದ ಕೆಂಪು ಶಾಯಿಯ ಮುದ್ರೆ ಕಂಡಿತು: ಅಕ್ಟೋಬರ್ 19, 1965. ಅದನ್ನು ಒತ್ತಿದ ಕೈ ಯಾರದೋ! ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ.

ಈ ವಾರ ಕಾಲಿಂದ ಬಾರಿಸುವ ಬಾಸ್ ಡ್ರಮ್ಮಿನ ಸರದಿ. ಹೆಡ್ಡನ್ನು ಅಂಚಿಗೆ ಒತ್ತಿ ಹಿಡಿಯುವ ಬಳೆ, ಅಂದರೆ ಹೂಪ್, ಮರದ್ದು, ಹೂಪನ್ನು ಕಚ್ಚಿ ಹಿಡಿಯುವುದು ಕ್ಲಾ, ಕೈಯಿಂದ ತಿರುಗಿಸುವುದು ಟಿ-ರಾಡ್. ಒಂದು ಕ್ಲಾ ಮಾತ್ರ ಉಳಿದವುಗಳ ಹಾಗಿಲ್ಲ, ಯಾವಾಗಲೋ ಯಾರೋ ಬದಲಾಯಿಸಿದ್ದಾರೆ. ಅದು ಯಾವ ಸೆಟ್ಟಿನದು ಅಂತ ಹುಡುಕಬೇಕು.