ಪೈ ನೆಟ್‌ವರ್ಕ್ ಕೈಕೊಟ್ಟರೆ ಮೊದಲು ಕರೆಂಟ್ ನೋಡಿ

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ನೆಟ್‌ವರ್ಕ್ ಆಗಾಗ ಕಡಿದು ಹೋದರೆ ಹೆಚ್ಚಿನವರು ನೇರ ರೂಟರ್ ಮೇಲೆ ಅನುಮಾನ ಪಡುತ್ತಾರೆ, ಇಲ್ಲವೇ ಮೆಮೊರಿ ಕಾರ್ಡ್ ಅಳಿಸಿ ಹೊಸದಾಗಿ ಓಎಸ್ ಹಾಕುತ್ತಾರೆ. ಅದಕ್ಕೂ ಮೊದಲು ಟರ್ಮಿನಲ್‌ನಲ್ಲಿ 'ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್' (vcgencmd get_throttled) ಆದೇಶ ಕೊಟ್ಟು ನೋಡಿ. ಉತ್ತರ ಸೊನ್ನೆ ಬಂದರೆ ವಿದ್ಯುತ್ ಸರಿಯಿದೆ. 50000 ಬಂದರೆ ಬೋರ್ಡ್ ಆನ್ ಆದ ಮೇಲೆ ಯಾವಾಗಲೋ ವೋಲ್ಟೇಜ್ ಕುಸಿದು ಪ್ರೊಸೆಸರ್ ವೇಗ ತಗ್ಗಿತ್ತು ಎಂದರ್ಥ. 50005 ಬಂದರೆ ಈ ಕ್ಷಣದಲ್ಲೂ ಅದೇ ಸ್ಥಿತಿ. ಎಚ್ಚರಿಕೆ ಬರುವ ಗಡಿ ಸುಮಾರು 4.63 ವೋಲ್ಟ್.

ಚಾರ್ಜರ್ ಮೇಲೆ 5 ವೋಲ್ಟ್ ಎಂದು ಬರೆದಿದ್ದರೂ ಬೋರ್ಡಿಗೆ ಅಷ್ಟು ತಲುಪುವುದಿಲ್ಲ, ಏಕೆಂದರೆ ನಡುವಿನ ಕೇಬಲ್ ಒಂದಿಷ್ಟು ತಿನ್ನುತ್ತದೆ. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು; 28 ಗೇಜ್ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧ. ಹೋಗುವ ತಂತಿ, ಬರುವ ತಂತಿ ಎರಡೂ ಸೇರಿದರೆ ಒಂದು ಮೀಟರ್ ಕೇಬಲ್‌ನಲ್ಲಿ 0.42 ಓಮ್. 1.2 ಆಂಪಿಯರ್ ಹರಿದರೆ ಅರ್ಧ ವೋಲ್ಟ್ ದಾರಿಯಲ್ಲೇ ಖರ್ಚಾಗಿ ಬೋರ್ಡಿಗೆ 4.5 ಮಾತ್ರ ಉಳಿಯುತ್ತದೆ. ಅದೇ ಉದ್ದದ 24 ಗೇಜ್ ಕೇಬಲ್ ಆದರೆ ನಷ್ಟ 0.2 ವೋಲ್ಟ್. ಕೇಬಲ್ ಮೈಮೇಲೆ '24ಎಡಬ್ಲ್ಯೂಜಿ/2ಸಿ' (24AWG/2C) ಎಂಬ ಅಚ್ಚು ಇದೆಯೇ ಎಂದು ನೋಡಿ ಖರೀದಿಸಿ. ಅರ್ಧ ಮೀಟರಿನದು ಸಿಕ್ಕರೆ ಇನ್ನೂ ಒಳ್ಳೆಯದು. ಪೈ 3ಕ್ಕೆ 2.5 ಆಂಪಿಯರ್, ಪೈ 4ಕ್ಕೆ 3 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು. ಯುಎಸ್‌ಬಿ ಹಾರ್ಡ್ ಡಿಸ್ಕ್ ತಿರುಗಲು ಶುರುವಾದ ಕೂಡಲೇ ನೆಟ್‌ವರ್ಕ್ ಬಿದ್ದರೆ ಡಿಸ್ಕಿಗೆ ಪ್ರತ್ಯೇಕ ಅಡಾಪ್ಟರ್ ಇರುವ ಹಬ್ ಹಾಕಿ.

ವಿದ್ಯುತ್ ಸರಿಯಿದ್ದೂ ಫೈಲ್ ನಿಧಾನವಾಗಿ ಹೋಗುತ್ತಿದ್ದರೆ ಅದು ಬೋರ್ಡಿನ ಹುಟ್ಟುಗುಣ. 2018ರಲ್ಲಿ ಬಂದ ಪೈ 3ಬಿ ಪ್ಲಸ್‌ನಲ್ಲಿ ಗಿಗಾಬಿಟ್ ಈಥರ್ನೆಟ್ (ತಂತಿಯ ನೆಟ್‌ವರ್ಕ್) ಇದೆ, ಆದರೆ ಆ ಚಿಪ್ ಯುಎಸ್‌ಬಿ 2.0 ಮೂಲಕ ಪ್ರೊಸೆಸರಿಗೆ ಸೇರುತ್ತದೆ. ಹಾಗಾಗಿ ಸೆಕೆಂಡಿಗೆ 300 ಮೆಗಾಬಿಟ್ ಆಸುಪಾಸಿಗೇ ನಿಲ್ಲುತ್ತದೆ. ನಾಲ್ಕು ಯುಎಸ್‌ಬಿ ಪೋರ್ಟುಗಳಿಗೂ ದಾರಿ ಅದೇ ಒಂದು. ಡಿಸ್ಕಿನಿಂದ ಓದಿದ್ದು, ನೆಟ್‌ವರ್ಕಿಗೆ ಕಳಿಸಿದ್ದು ಎರಡೂ ಒಂದೇ ಪೈಪಿನಲ್ಲಿ ಹಾಯುವುದರಿಂದ ಫೈಲ್ ಸರ್ವರ್ ಮಾಡಿದಾಗ ವೇಗ ಇನ್ನೂ ಇಳಿಯುತ್ತದೆ. ಯಾವ ಸೆಟ್ಟಿಂಗ್ ಬದಲಿಸಿದರೂ ಇದು ಸರಿಹೋಗದು. 2019ರ ಪೈ 4ರಲ್ಲಿ ಈಥರ್ನೆಟ್‌ಗೆ ಸ್ವಂತ ದಾರಿ ಸಿಕ್ಕಿತು. ಸರ್ವರ್ ಕೆಲಸಕ್ಕೆ ಹಳೆಯದನ್ನು ಅಗ್ಗಕ್ಕೆ ಕೊಳ್ಳುವುದು ಲಾಭವಲ್ಲ.

ಪೈನ ಚಿಕ್ಕ ಮಾದರಿಯಾದ ಜೀರೋ 2 ಡಬ್ಲ್ಯೂನಲ್ಲಿ ಈಥರ್ನೆಟ್ ಇಲ್ಲವೇ ಇಲ್ಲ, ವೈಫೈ 2.4 ಗಿಗಾಹರ್ಟ್ಸ್ ಮಾತ್ರ. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಮಾತ್ರ ಆನ್ ಇದ್ದರೆ ನೆಟ್‌ವರ್ಕಿನ ಹೆಸರೇ ಕಾಣದು. ಪೈನ ಸೆಟ್ಟಿಂಗ್ ಪ್ರೋಗ್ರಾಂ ರಾಸ್ಪಿ-ಕಾನ್ಫಿಗ್‌ನಲ್ಲಿ ವೈಫೈ ದೇಶವನ್ನು ಭಾರತ ಎಂದು ಆರಿಸದಿದ್ದರೆ ರೇಡಿಯೋ ಆನ್ ಆಗದೆ ಕೂರಬಹುದು. ಬೋರ್ಡನ್ನು ಲೋಹದ ಡಬ್ಬಿಯೊಳಗೆ ಇಡಬೇಡಿ, ಆಂಟೆನಾ ಬೋರ್ಡಿನ ಮೇಲೆಯೇ ಇದೆ. ಸುಮ್ಮನಿದ್ದಾಗ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಟರ್ಮಿನಲ್ ಬಳಸುವ ಸಂಪರ್ಕ) ತಡವರಿಸಿದರೆ 'ಐಡಬ್ಲ್ಯೂ' (iw) ಆದೇಶದಿಂದ ವೈಫೈನ ಪವರ್ ಸೇವ್ ಆಫ್ ಮಾಡಿ.

ಕೊನೆಯದೊಂದು, ನೆಟ್‌ವರ್ಕಿನ ವೇಷದಲ್ಲಿ ಬರುವ ತೊಂದರೆ. ಪೈ 4ರವರೆಗಿನ ಬೋರ್ಡುಗಳಲ್ಲಿ ಬ್ಯಾಟರಿಯ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದ ಮೇಲೆ ಇಂಟರ್‌ನೆಟ್‌ನಿಂದ ಸಮಯ ಸಿಗದಿದ್ದರೆ ಹಳೆಯ ತಾರೀಖೇ ಉಳಿಯುತ್ತದೆ. ತಾರೀಖು ತೀರ ಹಿಂದಿದ್ದರೆ ವೆಬ್‌ಸೈಟ್ ಅಸಲಿಯೆಂದು ತೋರಿಸುವ ಎಚ್‌ಟಿಟಿಪಿಎಸ್ ಪ್ರಮಾಣಪತ್ರಗಳು ತಿರಸ್ಕಾರವಾಗುತ್ತವೆ. ಪಿಂಗ್ ಹೋಗುತ್ತದೆ, ಪುಟ ತೆರೆಯುವುದಿಲ್ಲ. ಡಿಎಸ್3231 ಎಂಬ ಬ್ಯಾಟರಿ ಗಡಿಯಾರದ ಮಾಡ್ಯೂಲ್ ತಂದು ವಿದ್ಯುತ್ತನ್ನು 1ನೇ ಪಿನ್‌ಗೆ, ಎಸ್‌ಡಿಎ (ಡೇಟಾ ತಂತಿ) 3ಕ್ಕೆ, ಎಸ್‌ಸಿಎಲ್ (ಕ್ಲಾಕ್ ತಂತಿ) 5ಕ್ಕೆ, ಗ್ರೌಂಡ್ 9ಕ್ಕೆ ಜೋಡಿಸಿ. 1ನೇ ಪಿನ್ 3.3 ವೋಲ್ಟಿನದು. ಪಕ್ಕದ 2ನೇ ಪಿನ್‌ನ 5 ವೋಲ್ಟ್ ಕೊಟ್ಟರೆ ಆ ಮಾಡ್ಯೂಲ್ ಡೇಟಾ ತಂತಿಗಳನ್ನೂ 5ಕ್ಕೆ ಎಳೆದು ಪ್ರೊಸೆಸರನ್ನು ಸುಡಬಹುದು. ಜೊತೆಗೆ, 5 ವೋಲ್ಟ್ ಕೊಟ್ಟಾಗ ಚಾರ್ಜ್ ಸರ್ಕ್ಯೂಟ್ ಇರುವ ಅಗ್ಗದ ಮಾಡ್ಯೂಲುಗಳು ಚಾರ್ಜ್ ಮಾಡಬಾರದ ಮಾಮೂಲಿ ಸಿಆರ್2032 ಸೆಲ್ಲನ್ನೂ ಚಾರ್ಜ್ ಮಾಡಲು ಹೋಗಿ ಅದು ಉಬ್ಬುವಂತೆ ಮಾಡಬಹುದು.