ಎರಡು ಪೆಟ್ಟುಗಳ ನಡುವೆ: ಕೊವೆಂಟ್ರಿಯಲ್ಲಿ ಒಂದು ಸ್ಕಾ ರಾತ್ರಿ

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಕೊವೆಂಟ್ರಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಇಷ್ಟು ಹತ್ತಿರವಿದ್ದೂ ನಾನು ಆ ಊರಿಗೆ ಒಮ್ಮೆಯೂ ಹೋಗಿರಲಿಲ್ಲ. ಸ್ಕಾ ಸಂಗೀತವನ್ನು ಇಪ್ಪತ್ತು ವರ್ಷಗಳಿಂದ ಧ್ವನಿಮುದ್ರಿಕೆಗಳಲ್ಲಿ ಕೇಳುತ್ತ ಬಂದವನು, ಬ್ರಿಟನ್ನಿನಲ್ಲಿ ಅದಕ್ಕೆ ಎರಡನೆಯ ಜನ್ಮ ಕೊಟ್ಟ ಊರನ್ನು ನೋಡದೆ ಉಳಿದಿದ್ದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಅಕ್ಕನ ಮಗ ಒಂದು ಸಂಜೆ ಫೋನು ಮಾಡಿ, “ಮಾವ, ಶನಿವಾರ ನಮ್ಮೂರಿನ ತಂಡವೊಂದು ಸ್ಕಾ ನುಡಿಸುತ್ತದೆ, ನೀವು ಬರಲೇಬೇಕು, ಟಿಕೆಟ್ ತೆಗೆದುಬಿಟ್ಟಿದ್ದೇನೆ” ಎಂದ. ಒಂದು ವರ್ಷದ ಹಿಂದಷ್ಟೇ ಮೈಸೂರಿನಿಂದ ಬಂದವನ ಬಾಯಲ್ಲಿ ಕೊವೆಂಟ್ರಿ ಆಗಲೇ ‘ನಮ್ಮೂರು’ ಆಗಿದ್ದುದು ನನಗೆ ಹಿಡಿಸಿತು. ನಾನು ಮಧ್ಯಾಹ್ನದ ರೈಲನ್ನೇ ಹಿಡಿದು ಹೊರಟೆ.

ಸ್ಕಾ ಎಂದರೇನು ಎಂದು ದಾರಿಯುದ್ದಕ್ಕೂ ಅವನಿಗೆ ಹೇಗೆ ವಿವರಿಸಲಿ ಎಂದು ಯೋಚಿಸುತ್ತಿದ್ದೆ. ನಾಲ್ಕು ಎಣಿಕೆಗಳ ಆವರ್ತವನ್ನು ಕಾಲಿನಲ್ಲಿ ತಟ್ಟುತ್ತ ಹೋದರೆ, ಈ ಸಂಗೀತದಲ್ಲಿ ಗಿಟಾರು ಮತ್ತು ಪಿಯಾನೊ ಆ ಪೆಟ್ಟುಗಳ ಮೇಲೆ ಬೀಳುವುದೇ ಇಲ್ಲ. ಎರಡು ಪೆಟ್ಟುಗಳ ಸರಿನಡುವೆ, ಕಾಲು ನೆಲ ಬಿಟ್ಟು ಮೇಲೆದ್ದಿರುವ ಗಳಿಗೆಯಲ್ಲಿ, ಚಿಟ್ಟನೆ ಮೀಟಿ ತಟ್ಟನೆ ನಿಲ್ಲುತ್ತವೆ. ಗಿಟಾರಿನವರು ತಂತಿಗಳನ್ನು ಕೆಳಗಿನಿಂದ ಮೇಲಕ್ಕೆ ಮೀಟಿ, ಮರುಕ್ಷಣವೇ ಎಡಗೈ ಸಡಿಲಿಸಿ ನಾದವನ್ನು ಅಡಗಿಸುತ್ತಾರೆ. ಮೈಸೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅಕ್ಕ ಸಂಗೀತದ ಪಾಠ ಒಪ್ಪಿಸುವಾಗ ಆದಿತಾಳ ಹಾಕುವ ಕೆಲಸ ನನ್ನದಾಗಿತ್ತು. ಎಡುಪು, ಅಂದರೆ ಹಾಡಿನ ಸಾಲು ಆರಂಭವಾಗುವ ಜಾಗ, ತಾಳದ ಪೆಟ್ಟಿನ ಮೇಲೆ ಬರದೆ ಅರ್ಧ ಎಣಿಕೆ ತಡವಾಗಿ ಬರುವ ಕೀರ್ತನೆಗಳಲ್ಲಿ ನನ್ನ ಕೈ ಮತ್ತೆ ಮತ್ತೆ ತಪ್ಪುತ್ತಿತ್ತು. “ಕೈ ತಟ್ಟು, ಉಸಿರು ಹಿಡಿ, ಆಮೇಲೆ ಹಾಡು ಬರುತ್ತದೆ” ಎಂದು ಅಕ್ಕ ತಾಳ್ಮೆಯಿಂದ ತಿದ್ದುತ್ತಿದ್ದಳು. ಕೀರ್ತನೆಯಲ್ಲಿ ಸಾಲಿನ ಆರಂಭಕ್ಕೆ ಬರುವ ಆ ಹಿಡಿದ ಉಸಿರು ಸ್ಕಾದಲ್ಲಿ ಪ್ರತಿಯೊಂದು ಎಣಿಕೆಯಲ್ಲೂ ಇದೆ. ಕೇಳುವವನ ಮೈ ತಾನಾಗಿ ಏಳುವುದು ಅದರಿಂದಲೇ ಎಂದು ನಾನು ನಂಬಿದ್ದೇನೆ.

ಅಳಿಯ ನಿಲ್ದಾಣಕ್ಕೆ ಬಂದಿದ್ದ. ಕಾರ್ಯಕ್ರಮಕ್ಕೆ ಇನ್ನೂ ನಾಲ್ಕು ಗಂಟೆ ಇದ್ದುದರಿಂದ ಇಬ್ಬರೂ ಊರೊಳಗೆ ನಡೆದೆವು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳ ಬಾಂಬಿಗೆ ಸುಟ್ಟುಹೋದ ಹಳೆಯ ಕ್ಯಾಥೆಡ್ರಲ್ಲಿನ ಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು, ಅದರ ಮಗ್ಗುಲಲ್ಲೇ ಹೊಸದನ್ನು ಕಟ್ಟಿ 1962ರಲ್ಲಿ ಪ್ರತಿಷ್ಠಾಪಿಸಿದ್ದಾರೆ. ಪ್ರವಾಸಿಗರೆಲ್ಲ ಅದನ್ನು ನೋಡಲು ಬರುತ್ತಾರೆ, ನಾವೂ ನೋಡಿದೆವು. ಆದರೆ ನಾನು ನೋಡಲೇಬೇಕೆಂದು ಬಂದದ್ದು ಸ್ಮಿತ್‌ಫರ್ಡ್ ವೇಯಲ್ಲಿರುವ ಕೇಂದ್ರ ಗ್ರಂಥಾಲಯವನ್ನು. ಈಗ ಪುಸ್ತಕಗಳ ಕಪಾಟುಗಳು ಸಾಲಾಗಿ ನಿಂತಿರುವ ಆ ಕಟ್ಟಡ ಒಂದು ಕಾಲದಲ್ಲಿ ಲೊಕಾರ್ನೊ ಎಂಬ ನೃತ್ಯಶಾಲೆಯಾಗಿತ್ತು, ಆಮೇಲೆ ಟಿಫಾನೀಸ್ ಎಂಬ ಹೆಸರು ಪಡೆಯಿತು. ಇದೇ ಊರಿನ ಸ್ಕಾ ತಂಡ ದಿ ಸ್ಪೆಷಲ್ಸ್ ಇಲ್ಲಿ ನುಡಿಸಿದ್ದರ ಒಂದು ಭಾಗ, 1980ರ ಆರಂಭದಲ್ಲಿ ಬ್ರಿಟನ್ನಿನ ಮಾರಾಟ ಪಟ್ಟಿಯ ಮೊದಲ ಸ್ಥಾನಕ್ಕೇರಿದ ಅವರ ಮುದ್ರಿಕೆಯ ಎರಡನೆಯ ಮಗ್ಗುಲಲ್ಲಿದೆ. ಅದರಲ್ಲಿ ಕೇಳುವ ಜನರ ಕೂಗು ಇದೇ ಚಾವಣಿಯ ಕೆಳಗಿನದು. ಮಕ್ಕಳ ಪುಸ್ತಕಗಳ ವಿಭಾಗದಲ್ಲಿ ಒಬ್ಬ ತಾಯಿ ಮಗುವಿಗೆ ಮೆಲುದನಿಯಲ್ಲಿ ಕಥೆ ಓದುತ್ತಿದ್ದಳು. ನಾನು ಒಂದು ಕಂಬಕ್ಕೆ ಕೈಯಿಟ್ಟು ಬಹಳ ಹೊತ್ತು ನಿಂತೆ.

ಸ್ಕಾ ಹುಟ್ಟಿದ್ದು ಇಲ್ಲಿಂದ ಬಹು ದೂರದ ಜಮೈಕಾದಲ್ಲಿ, 1950ರ ದಶಕದ ಕೊನೆಯಲ್ಲಿ. ಅಮೆರಿಕದ ನ್ಯೂ ಆರ್ಲಿಯನ್ಸ್ ಕಡೆಯ ರಿದಮ್ ಆಂಡ್ ಬ್ಲೂಸ್ ಹಾಡುಗಳನ್ನು ರೇಡಿಯೊದಲ್ಲಿ ಹಿಡಿದು ಕೇಳುತ್ತಿದ್ದ, ದೊಡ್ಡ ದೊಡ್ಡ ಧ್ವನಿಪೆಟ್ಟಿಗೆಗಳನ್ನು ಬೀದಿಯಲ್ಲಿಟ್ಟು ಕುಣಿಯುತ್ತಿದ್ದ ಕಿಂಗ್‌ಸ್ಟನ್ನಿನ ಜನ, ಆ ಲಯದ ನಡುವಿನ ಪೆಟ್ಟನ್ನು ಎತ್ತಿ ಹಿಡಿದು ತಮ್ಮದೇ ಸಂಗೀತವನ್ನು ಮಾಡಿಕೊಂಡರು. 1962ರ ಆಗಸ್ಟ್ 6ರಂದು ಜಮೈಕಾ ಸ್ವತಂತ್ರವಾದಾಗ ಊರೂರಿನಲ್ಲಿ ಮೊಳಗಿದ್ದು ಇದೇ. ಎರಡು ವರ್ಷಗಳ ನಂತರ ಕಟ್ಟಿದ ದಿ ಸ್ಕಾಟಲೈಟ್ಸ್ ತಂಡದ ಊದುವಾದ್ಯಗಾರರಲ್ಲಿ ಹಲವರು, ಬಡವರ ಮತ್ತು ದಿಕ್ಕಿಲ್ಲದವರ ಮಕ್ಕಳಿಗಾಗಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಆಲ್ಫಾ ಬಾಲಕರ ಶಾಲೆಯಲ್ಲಿ ಕಲಿತವರು. ಬ್ರಿಟನ್ನಿಗೆ ದುಡಿಯಲು ಬಂದ ಜಮೈಕಾದವರ ಪೆಟ್ಟಿಗೆಗಳಲ್ಲಿ ಆ ಮುದ್ರಿಕೆಗಳೂ ಹಡಗು ದಾಟಿದವು. ಅವರ ನೆರೆಹೊರೆಯ ಬಿಳಿಯ ಹುಡುಗರು ಅವನ್ನು ಕೇಳಿ ಬೆಳೆದರು. ಕೊವೆಂಟ್ರಿಯಲ್ಲಿ ದಿ ಸ್ಪೆಷಲ್ಸ್ ತಂಡದ ಜೆರ್ರಿ ಡ್ಯಾಮರ್ಸ್ 1979ರಲ್ಲಿ ಟು ಟೋನ್ ರೆಕಾರ್ಡ್ಸ್ ಎಂಬ ಮುದ್ರಿಕೆಗಳ ಕಂಪನಿ ಆರಂಭಿಸಿದಾಗ ಅದರ ಗುರುತಾದ ಕಪ್ಪು ಬಿಳಿ ಚೌಕಗಳಿಗೆ ಬೇರೆ ಅರ್ಥವಿರಲಿಲ್ಲ: ವೇದಿಕೆಯ ಮೇಲೆ ಎರಡೂ ಬಣ್ಣದವರು ಒಟ್ಟಿಗೆ ನಿಂತಿದ್ದರು. ಅದೇ ವರ್ಷ ಅದೇ ಊರಿನ ದಿ ಸೆಲೆಕ್ಟರ್ ತಂಡವನ್ನು ಪಾಲೀನ್ ಬ್ಲ್ಯಾಕ್ ಹಾಡಿ ಮುನ್ನಡೆಸಿದರು.

ಇದನ್ನು ಬರಿಯ ಕುಣಿತದ ಸಂಗೀತ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಕಾರು ಕಾರ್ಖಾನೆಗಳನ್ನು ನಂಬಿ ಬದುಕಿದ್ದ ಕೊವೆಂಟ್ರಿಯಲ್ಲಿ 1980ರಲ್ಲಿ ಕ್ಯಾನ್ಲಿ ಬಡಾವಣೆಯ ಕಾರ್ಖಾನೆಯಲ್ಲಿ ಕಾರು ಜೋಡಣೆ ನಿಂತಿತು. ಕೆಲಸ ಕಳೆದುಕೊಂಡವರ ಸಾಲು ಬೆಳೆಯುತ್ತಿದ್ದಂತೆಯೇ ವರ್ಣದ್ವೇಷವೂ ಬೀದಿಗಿಳಿಯಿತು. 1981ರ ಏಪ್ರಿಲ್‌ನಲ್ಲಿ ಸತ್ನಾಮ್ ಸಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ಇದೇ ಊರಿನ ನಡುಮಧ್ಯದಲ್ಲಿ, ಹಾಡಹಗಲೇ ದ್ವೇಷಿಗಳು ಕೊಂದರು. ಜೂನ್ ತಿಂಗಳಲ್ಲಿ ದಿ ಸ್ಪೆಷಲ್ಸ್ ಬಟ್ಸ್ ಕ್ರೀಡಾಂಗಣದಲ್ಲಿ ಜನಾಂಗಗಳ ಒಗ್ಗಟ್ಟಿಗಾಗಿ ನುಡಿಸಿದರು. ಜುಲೈನಲ್ಲಿ, ಹಲವು ನಗರಗಳಲ್ಲಿ ದಂಗೆಗಳು ನಡೆಯುತ್ತಿರುವಾಗ, ಅವರ ‘ಘೋಸ್ಟ್ ಟೌನ್’ ಹಾಡು ಮೂರು ವಾರ ಮಾರಾಟ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಇದನ್ನೆಲ್ಲ ಹೇಳುತ್ತ ನಡೆಯುತ್ತಿದ್ದಾಗ ಅಳಿಯ ಮೌನವಾಗಿದ್ದ. “ಸತ್ನಾಮ್‌ಗೆ ಎಷ್ಟು ವಯಸ್ಸಾಗಿತ್ತು ಮಾವ?” ಎಂದು ಕೇಳಿದ. ಇಪ್ಪತ್ತು ಎಂದೆ. ನನ್ನ ಅಳಿಯನಿಗಿಂತ ಮೂರು ವರ್ಷ ಚಿಕ್ಕವನು.

ಸಂಜೆ ಏಳೂವರೆಗೆ ನಾವು ಹೋದದ್ದು ಒಂದು ಹಳೆಯ ಪಬ್ಬಿನ ಮಹಡಿಯ ಮೇಲಿನ ಕೋಣೆಗೆ. ನೂರೈವತ್ತು ಜನ ನಿಂತರೆ ಭರ್ತಿಯಾಗುವಷ್ಟು ಜಾಗ, ಮೊಣಕಾಲೆತ್ತರದ ವೇದಿಕೆ, ಗೋಡೆಯುದ್ದಕ್ಕೂ ಬೆಂಚುಗಳು. ಮೂಲೆಯಲ್ಲಿ ಒಬ್ಬ ವೃದ್ಧರು ಎರಡು ಗ್ರಾಮಫೋನ್ ತಟ್ಟೆಗಳ ಮುಂದೆ ಕುಳಿತು, ಅಂಚು ಸವೆದ ಲಕೋಟೆಗಳಿಂದ ಜಮೈಕಾದ ಹಳೆಯ ಸಣ್ಣ ಮುದ್ರಿಕೆಗಳನ್ನು ಒಂದೊಂದಾಗಿ ತೆಗೆದು ಹಾಕುತ್ತಿದ್ದರು. ಮುಳ್ಳು ತಾಕಿದಾಗ ಬರುವ ಕರಕರ ಸದ್ದೂ ಆ ಹಾಡಿನ ಭಾಗವೆಂಬಂತೆ ಕೇಳುತ್ತಿತ್ತು. ಬಂದವರಲ್ಲಿ ಅರ್ಧದಷ್ಟು ಜನ ಅರವತ್ತು ದಾಟಿದವರು. ಸಣ್ಣ ಅಂಚಿನ ಹ್ಯಾಟು, ಕಪ್ಪು ಕಿರಿದಾದ ಟೈ, ಉಜ್ಜಿ ಹೊಳಪು ಬರಿಸಿದ ಬೂಟುಗಳು, ಕಪ್ಪು ಬಿಳಿ ಚೌಕಗಳ ಪಟ್ಟಿ. 1979ರಲ್ಲಿ ಹದಿನಾರು ಹದಿನೇಳರ ವಯಸ್ಸಿನವರಾಗಿದ್ದಾಗ ತೊಟ್ಟ ಉಡುಪನ್ನೇ ಅವರು ಈಗಲೂ ಶ್ರದ್ಧೆಯಿಂದ ತೊಟ್ಟು ಬಂದಿದ್ದರು. ಉಳಿದವರು ಅವರ ಮಕ್ಕಳು, ಮೊಮ್ಮಕ್ಕಳು, ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು. ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಪಂಜಾಬಿ ದಂಪತಿ ಕುಳಿತಿದ್ದರು. ಗಂಡ ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬಟ್ಸ್ ಕ್ರೀಡಾಂಗಣದ ಆ ಸಂಜೆ ತಾವು ಅಲ್ಲಿದ್ದೆವು ಎಂದಷ್ಟೇ ಹೇಳಿದರು. ನಾನೂ ಹೆಚ್ಚು ಕೇಳಲಿಲ್ಲ.

ಒಂಬತ್ತು ಗಂಟೆಗೆ ತಂಡ ವೇದಿಕೆ ಹತ್ತಿತು. ಒಂಬತ್ತು ಮಂದಿ, ಕೆಲವರು ಹಗಲು ಬೇರೆ ಬೇರೆ ನೌಕರಿ ಮಾಡಿ ರಾತ್ರಿ ಅಭ್ಯಾಸ ಮಾಡುವವರೆಂದು ಆಮೇಲೆ ತಿಳಿಯಿತು. ಡ್ರಮ್ಮು, ಬಾಸ್, ಎರಡು ಗಿಟಾರು, ಕೀಬೋರ್ಡು, ಟ್ರಂಪೆಟ್ಟು, ಸ್ಯಾಕ್ಸೊಫೋನು, ಟ್ರಾಂಬೋನು ಮತ್ತು ಹಾಡುವ ಒಬ್ಬ ಮಹಿಳೆ. ಮೊದಲ ಹಾಡಿನ ಮೊದಲ ಆವರ್ತದಲ್ಲೇ ನೆಲದ ಹಲಗೆಗಳು ನಡುಗಿದವು. ಮನೆಯಲ್ಲಿ ಕೇಳುವಾಗ ನನಗೆ ಎಂದೂ ತಿಳಿಯದೇ ಇದ್ದದ್ದು ಇಲ್ಲಿ ಎದೆಗೇ ತಾಕಿತು. ಊದುವಾದ್ಯಗಳು ಮೂರೂ ಒಟ್ಟಿಗೆ ಎದ್ದಾಗ ಅವು ಗಾಳಿಯನ್ನೇ ತಳ್ಳುತ್ತವೆ. ಮುಖದ ಮೇಲೆ ಅದು ಗೊತ್ತಾಗುತ್ತದೆ. ಬಾಸ್ ಮಾತ್ರ ಆತುರವಿಲ್ಲದೆ, ಎಣಿಕೆಗೊಂದು ಹೆಜ್ಜೆಯಂತೆ, ಮೆಟ್ಟಿಲು ಹತ್ತಿ ಇಳಿಯುವವನ ಹಾಗೆ ನಡೆಯುತ್ತಿರುತ್ತದೆ. ಅದರ ಮೇಲೆ ಗಿಟಾರಿನ ಆ ನಡುಪೆಟ್ಟು.

ಕುಣಿಯಲು ಅಳಿಯ ಹಿಂಜರಿದ. ನಮ್ಮ ಮುಂದಿದ್ದ ಬಿಳಿಗೂದಲಿನ ಮಹಿಳೆಯೊಬ್ಬರು ತಿರುಗಿ ನೋಡಿ, “ಬಾ ಮಗೂ, ನಿಂತಲ್ಲೇ ಓಡು, ಅಷ್ಟೇ” ಎಂದು ಇಂಗ್ಲಿಷಿನಲ್ಲಿ ಹೇಳಿ ಅವನ ಮೊಣಕೈ ಹಿಡಿದರು. ಸ್ಕ್ಯಾಂಕ್ ಎಂದು ಕರೆಯುವ ಆ ಕುಣಿತ ನೋಡಲು ಅಷ್ಟೇ: ಮೊಣಕಾಲುಗಳು ಒಂದಾದ ಮೇಲೊಂದು ಮೇಲೇಳುತ್ತವೆ, ಮಡಿಸಿದ ತೋಳುಗಳು ಎದುರುಬದುರಾಗಿ ಬೀಸುತ್ತವೆ, ತಲೆ ಸ್ವಲ್ಪ ಮುಂದಕ್ಕೆ ಬಾಗಿರುತ್ತದೆ. ಕಾಲು ಊರುವುದನ್ನು ಲೆಕ್ಕ ಹಾಕಿದರೆ ತಾಳ ತಪ್ಪುತ್ತದೆ, ಕಾಲು ಏಳುವುದನ್ನು ಲೆಕ್ಕ ಹಾಕಬೇಕು. ಎರಡು ಹಾಡುಗಳಷ್ಟು ಹೊತ್ತು ತಡವರಿಸಿದ ಅಳಿಯ ಮೂರನೆಯದರಲ್ಲಿ ಒಮ್ಮೆಲೇ ಹಿಡಿದುಕೊಂಡ. ಅವನ ಮುಖ ಅರಳಿದ್ದನ್ನು ನೋಡಿ ನಾನೂ ಕೋಟು ಬಿಚ್ಚಿ ಬೆಂಚಿನ ಮೇಲಿಟ್ಟೆ.

ಕಾರ್ಯಕ್ರಮದ ಅರ್ಧಭಾಗ ಕಳೆದಿರಬಹುದು, ಒಂದು ಹಾಡಿನ ನಡುವೆ ಕೀಬೋರ್ಡು ಇದ್ದಕ್ಕಿದ್ದಂತೆ ಮೂಕವಾಯಿತು. ಮರುಕ್ಷಣ ಎರಡೂ ಗಿಟಾರುಗಳೂ ನಿಂತವು. ವೇದಿಕೆಯ ಆ ಬದಿಯ ವಿದ್ಯುತ್ ಹೋಗಿತ್ತು. ಡ್ರಮ್ಮು ನಿಲ್ಲಲಿಲ್ಲ, ವಿದ್ಯುತ್ತಿನ ಹಂಗಿಲ್ಲದ ಊದುವಾದ್ಯಗಳೂ ನಿಲ್ಲಲಿಲ್ಲ. ಆದರೆ ನಡುವಿನ ಪೆಟ್ಟು ಇಲ್ಲದ ಸ್ಕಾ ಉಪ್ಪಿಲ್ಲದ ಸಾರು. ಆ ಖಾಲಿತನ ಕೋಣೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೆ ಕೇಳಿಸಿರಬೇಕು. ಯಾರು ಮೊದಲು ಆರಂಭಿಸಿದರೋ ತಿಳಿಯದು, ಹಿಂದಿನ ಸಾಲಿನಲ್ಲಿ ಚಪ್ಪಾಳೆ ಎದ್ದಿತು, ಸಾಮಾನ್ಯವಾಗಿ ಜನ ತಟ್ಟುವ ಹಾಗೆ ಪೆಟ್ಟಿನ ಮೇಲಲ್ಲ, ಪೆಟ್ಟುಗಳ ನಡುವೆ. ಎರಡು ಆವರ್ತ ಮುಗಿಯುವಷ್ಟರಲ್ಲಿ ನೂರೈವತ್ತು ಜನರೂ ಗಿಟಾರು ಮೀಟಬೇಕಾದ ಜಾಗದಲ್ಲಿ ಕೈ ತಟ್ಟುತ್ತಿದ್ದರು. ಅಷ್ಟು ಜನ ಒಟ್ಟಾಗಿ ಅರ್ಧ ಎಣಿಕೆಯ ಆ ಕಿರಿದಾದ ಜಾಗಕ್ಕೆ ಒಮ್ಮೆಯೂ ತಪ್ಪದೆ ಬಂದು ಬೀಳುವುದನ್ನು ನಾನು ಬೇರೆಲ್ಲೂ ಕೇಳಿಲ್ಲ. ಪಂಜಾಬಿ ದಂಪತಿ ಎದ್ದು ನಿಂತಿದ್ದರು. ಗ್ರಾಮಫೋನಿನ ವೃದ್ಧರು ಕಣ್ಣು ಮುಚ್ಚಿ ಮೇಜಿನ ಅಂಚನ್ನು ಬೆರಳುಗಳಿಂದ ತಟ್ಟುತ್ತಿದ್ದರು. ಹಾಡುವ ಮಹಿಳೆ ಮೈಕನ್ನು ಪಕ್ಕಕ್ಕಿಟ್ಟು ಬರಿಗಂಟಲಿನಲ್ಲಿ ಹಾಡಿದರು. ಏಳೆಂಟು ನಿಮಿಷಗಳ ನಂತರ ವಿದ್ಯುತ್ ಮರಳಿ ಗಿಟಾರು ಮತ್ತೆ ಬಂದಾಗಲೂ ಜನ ಚಪ್ಪಾಳೆ ನಿಲ್ಲಿಸಲಿಲ್ಲ.

ಕೊನೆಯ ಭಾಗದಲ್ಲಿ ಅವರು ‘ಎ ಮೆಸೇಜ್ ಟು ಯೂ ರೂಡಿ’ ನುಡಿಸಿದರು. ಡ್ಯಾಂಡಿ ಲಿವಿಂಗ್‌ಸ್ಟನ್ 1967ರಲ್ಲಿ ಹಾಡಿದ್ದ ಇದನ್ನು ದಿ ಸ್ಪೆಷಲ್ಸ್ 1979ರಲ್ಲಿ ಮತ್ತೆ ಹಾಡಿದಾಗ ಎರಡೂ ಮುದ್ರಿಕೆಗಳಲ್ಲಿ ಟ್ರಾಂಬೋನು ನುಡಿಸಿದವರು ಒಬ್ಬರೇ: ಕಿಂಗ್‌ಸ್ಟನ್ನಿನ ಆ ಆಲ್ಫಾ ಶಾಲೆಯಲ್ಲಿ ಕಲಿತು, 1960ರ ದಶಕದ ಮೊದಲಲ್ಲೇ ಇಂಗ್ಲೆಂಡಿಗೆ ಬಂದು ನೆಲೆಸಿದ ರಿಕೊ ರೊಡ್ರಿಗಸ್. ಎರಡು ಪೀಳಿಗೆಗಳ ಹಾಡನ್ನು ಒಂದೇ ಉಸಿರಿನಲ್ಲಿ ಜೋಡಿಸಿದ ಅವರು 2015ರಲ್ಲಿ ತೀರಿಕೊಂಡರು. ಆ ರಾತ್ರಿ ಅವರ ಜಾಗದಲ್ಲಿ ನಿಂತು ನುಡಿಸಿದವಳು ಹತ್ತೊಂಬತ್ತರ ಆಸುಪಾಸಿನ ಹುಡುಗಿ. ಮುನ್ನುಡಿಯ ಆ ಸಣ್ಣ ಸಾಲನ್ನು ಅವಳು ಸ್ವಲ್ಪವೂ ಅವಸರವಿಲ್ಲದೆ, ಒಂದೊಂದು ಸ್ವರವನ್ನೂ ಕೊನೆಯಲ್ಲಿ ತುಸು ಇಳಿಸುತ್ತ, ಪರಿಚಯದವರನ್ನು ದಾರಿಯಲ್ಲಿ ನಿಲ್ಲಿಸಿ ಮಾತಾಡಿಸುವಷ್ಟು ಆಪ್ತವಾಗಿ ನುಡಿಸಿದಳು. ಕೋಣೆಯೆಲ್ಲ ಹಾಡಿತು.

ಹನ್ನೊಂದರ ಮೇಲೆ ದೀಪಗಳು ಹತ್ತಿದಾಗ ನಾವು ವೇದಿಕೆಯ ಬಳಿಗೆ ಹೋದೆವು. ಹುಡುಗಿ ಟ್ರಾಂಬೋನಿನ ಕೊಳವೆ ಕಳಚಿ ಒಳಗಿನ ನೀರು ಚೆಲ್ಲಿ ಬಟ್ಟೆಯಿಂದ ಒರೆಸುತ್ತಿದ್ದಳು. ಆ ಸಾಲನ್ನು ಎಲ್ಲಿ ಕಲಿತೆ ಎಂದು ಕೇಳಿದೆ. ಅಜ್ಜನ ಮನೆಯಲ್ಲಿ ಮುದ್ರಿಕೆ ಹಾಕಿಕೊಂಡು, ಬರೆದ ಸ್ವರಗಳಿಲ್ಲದೆ, ಕೇಳಿ ಕೇಳಿ ಕಲಿತೆ ಎಂದಳು. ಅಜ್ಜ ಯಾರೆಂದು ಕೇಳುವ ಮೊದಲೇ ಮೂಲೆಯಲ್ಲಿ ಮುದ್ರಿಕೆಗಳನ್ನು ಪೆಟ್ಟಿಗೆಗೆ ಜೋಡಿಸುತ್ತಿದ್ದ ವೃದ್ಧರತ್ತ ಕೈ ತೋರಿಸಿದಳು. ಮುಂದಿನ ಕಾರ್ಯಕ್ರಮ ಆರು ವಾರಗಳ ನಂತರ, ಇದೇ ಮಹಡಿಯಲ್ಲಿ ಎಂದು ಅವರು ಅಲ್ಲಿಂದಲೇ ಹೇಳಿದರು.

ಅಳಿಯ ಮೆಟ್ಟಿಲ ಬಳಿಯ ಮೇಜಿನಲ್ಲಿ ಮೂರು ಟಿಕೆಟ್ ಕೊಂಡ. ಮೂರನೆಯದು ಯಾರಿಗೆ ಎಂದೆ.

“ಅಮ್ಮ ಅಷ್ಟರಲ್ಲಿ ಬಂದಿರುತ್ತಾಳೆ, ಮಾವ. ಆ ಚಪ್ಪಾಳೆಗೆ ಅವಳು ಇರಬೇಕಿತ್ತು.”