ರ‍್ಯಾಂಕ್ ಇಳಿದದ್ದು ಯಾವ ವರ್ಷ? ಮಾಹಿತಿ ತುಂಬುವ ಮೇಜಿನಿಂದ ಕಲಿತದ್ದು

ಎನ್‌ಐಆರ್‌ಎಫ್ (ಕೇಂದ್ರ ಸರ್ಕಾರ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಪ್ರತಿ ವರ್ಷ ಕೊಡುವ ರ‍್ಯಾಂಕ್) ಪಟ್ಟಿ ಬಂದ ದಿನ ಮಧ್ಯಾಹ್ನ ಮೂರಕ್ಕೆ ಕುಲಪತಿಗಳ ಕೊಠಡಿಯಲ್ಲಿ ಸಭೆ. ಹಿಂದಿನ ವರ್ಷಕ್ಕಿಂತ ನಾವು ಕೆಳಗಿಳಿದಿದ್ದೆವು. ‘ಮಾಹಿತಿ ಸರಿಯಾಗಿ ತುಂಬಿಲ್ಲ, ಅದಕ್ಕೇ ಹೀಗಾಯ್ತು’ ಎಂದರು ಹಿರಿಯ ಪ್ರಾಧ್ಯಾಪಕರೊಬ್ಬರು. ಮಾಹಿತಿ ತುಂಬಿದವನು ನಾನೇ. ರಸಾಯನಶಾಸ್ತ್ರ ಪಾಠ ಮಾಡಿಕೊಂಡಿದ್ದವನಿಗೆ ಐಕ್ಯೂಎಸಿಯ, ಅಂದರೆ ಆಂತರಿಕ ಗುಣಮಟ್ಟ ಖಾತರಿ ಕೋಶದ, ಹೆಚ್ಚುವರಿ ಪ್ರಭಾರ ಕೊಟ್ಟು ಆಗ ಇನ್ನೂ ಒಂದೂವರೆ ವರ್ಷ. ಉತ್ತರ ಹೇಳಲಾಗದೆ ಕೂತಿದ್ದೆ. ಆ ರಾತ್ರಿ ಮನೆಗೆ ಬಂದು ನಾವು ಕಳಿಸಿದ್ದ ಹಾಳೆಗಳನ್ನೆಲ್ಲ ಮೊದಲಿನಿಂದ ತೆಗೆದು ನೋಡಲು ಕೂತೆ. ಅಲ್ಲಿಂದೀಚೆಗೆ ಇಷ್ಟು ವರ್ಷದಲ್ಲಿ ತಿಳಿದುಕೊಂಡದ್ದನ್ನು, ಇದೇ ಪ್ರಭಾರ ಹೊತ್ತಿರುವ ಬೇರೆ ವಿಶ್ವವಿದ್ಯಾಲಯಗಳ ಗೆಳೆಯರಿಗಾಗಿ ಬರೆಯುತ್ತಿದ್ದೇನೆ.

ಕೇಂದ್ರ ಸರ್ಕಾರ 2015ರಲ್ಲಿ ರೂಪಿಸಿದ ಈ ಪದ್ಧತಿಯ ಮೊದಲ ಪಟ್ಟಿ ಬಂದದ್ದು 2016ರಲ್ಲಿ. ವಿಶ್ವವಿದ್ಯಾಲಯಗಳಿಗೆ ನೂರರಲ್ಲಿ 30 ಪಾಲು ಬೋಧನೆ ಮತ್ತು ಸಂಪನ್ಮೂಲಕ್ಕೆ, 30 ಸಂಶೋಧನೆಗೆ, 20 ಪದವಿ ಮುಗಿಸಿದವರು ಏನಾದರು ಎಂಬುದಕ್ಕೆ, 10 ಎಲ್ಲ ವರ್ಗದವರನ್ನೂ ಒಳಗೊಳ್ಳುವುದಕ್ಕೆ, 10 ಹೊರಗಿನವರ ಅಭಿಪ್ರಾಯಕ್ಕೆ. ಬೋಧನೆಯ ಪಾಲಿನೊಳಗೆ ದೊಡ್ಡ ಲೆಕ್ಕವೊಂದು ಅಧ್ಯಾಪಕ–ವಿದ್ಯಾರ್ಥಿ ಅನುಪಾತದ್ದು. ಹದಿನೈದು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರಿದ್ದರೆ ಪೂರ್ತಿ ಅಂಕ. ಐವತ್ತು ವಿದ್ಯಾರ್ಥಿಗಳಿಗೆ ಒಬ್ಬರಿಗಿಂತಲೂ ಕಡಿಮೆಯಾದರೆ ಸೊನ್ನೆ.

ನನ್ನ ತಪ್ಪು ಸಿಕ್ಕಿದ್ದು ಇಲ್ಲೇ. ಅಧ್ಯಾಪಕರ ಪಟ್ಟಿಯಲ್ಲಿ ಕಾಯಂ ಇದ್ದವರನ್ನು ಮಾತ್ರ ಬರೆದಿದ್ದೆ. ಅತಿಥಿ ಉಪನ್ಯಾಸಕರಿಗೆ ಆದೇಶ ಸಿಗುವುದು ಕೆಲವು ತಿಂಗಳಿಗೆ, ಅವರನ್ನು ಸೇರಿಸುವಂತಿಲ್ಲ ಅಂದುಕೊಂಡಿದ್ದೆ. ಆದರೆ ಆ ವರ್ಷದ ಎರಡೂ ಸೆಮಿಸ್ಟರ್ ಪಾಠ ಮಾಡಿದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದೆಂದು ನಿಯಮವೇ ಹೇಳುತ್ತದೆ. ವರ್ಷವಿಡೀ ವಾರಕ್ಕೆ ಹದಿನಾರು ಗಂಟೆ ಪಾಠ ಹೇಳಿ, ಪ್ರಯೋಗಾಲಯ ನೋಡಿಕೊಂಡು, ಮೌಲ್ಯಮಾಪನವನ್ನೂ ಮಾಡಿದವರು ನನ್ನ ಹಾಳೆಯಲ್ಲಿ ಇರಲೇ ಇಲ್ಲ. ಅಂಕ ಹೋದದ್ದಕ್ಕಿಂತ ಇದೇ ನನ್ನನ್ನು ಹೆಚ್ಚು ಕಾಡಿತು. ಅವರಲ್ಲಿ ಇಬ್ಬರು ನನ್ನದೇ ವಿಭಾಗದವರು, ದಿನಾ ಒಟ್ಟಿಗೆ ಚಹಾ ಕುಡಿಯುವವರು.

ಇನ್ನೊಂದು ಸೋರಿಕೆ ಪ್ರಬಂಧಗಳದ್ದು. ಪ್ರಕಟಣೆಗಳ ಲೆಕ್ಕವನ್ನು ನಾವು ಕೊಡುವುದಿಲ್ಲ, ಅದನ್ನು ಸಂಶೋಧನಾ ಪ್ರಬಂಧಗಳ ವಿವರ ಕೂಡಿಡುವ ಸ್ಕೋಪಸ್, ವೆಬ್ ಆಫ್ ಸೈನ್ಸ್‌ನಿಂದ ನೇರವಾಗಿ ತೆಗೆದುಕೊಳ್ಳುತ್ತಾರೆ. ಅಲ್ಲಿ ಹುಡುಕಿದರೆ ನಮ್ಮ ಸಂಸ್ಥೆಯ ಹೆಸರು ಹತ್ತಾರು ರೂಪದಲ್ಲಿ ಸಿಕ್ಕಿತು. ಒಬ್ಬರು ‘ಯೂನಿವರ್ಸಿಟಿ’ಯನ್ನು ಮೊದಲು ಬರೆದರೆ ಇನ್ನೊಬ್ಬರು ಕೊನೆಗೆ ಬರೆದಿದ್ದಾರೆ. 2014ರ ರಾಜ್ಯೋತ್ಸವದಂದು ರಾಜ್ಯದ ಹನ್ನೆರಡು ಊರುಗಳ ಹೆಸರು ಬದಲಾದ ಮೇಲೆ ಊರಿನ ಹೆಸರೂ ಹಳೆಯದು, ಹೊಸದು ಬೆರೆತುಹೋಗಿದೆ. ಕೆಲವರು ಸ್ನಾತಕೋತ್ತರ ಕೇಂದ್ರದ ಹೆಸರಷ್ಟೇ ಬರೆದು ವಿಶ್ವವಿದ್ಯಾಲಯವನ್ನೇ ಬಿಟ್ಟಿದ್ದಾರೆ. ಎಲ್ಲರೂ ಒಂದೇ ರೀತಿ ಬರೆಯಬೇಕೆಂದು ಕುಲಸಚಿವರಿಂದ ಸುತ್ತೋಲೆ ಹೊರಡಿಸಿದೆವು. ಹಳೆಯದನ್ನು ಒಟ್ಟುಗೂಡಿಸುವಂತೆ ಸ್ಕೋಪಸ್‌ನವರಿಗೆ ಬರೆದೆವು. ತಿಂಗಳುಗಟ್ಟಲೆ ಹಿಡಿದ ಕೆಲಸ. ನೀವು ಈ ಪ್ರಭಾರಕ್ಕೆ ಹೊಸಬರಾದರೆ ಮೊದಲು ಮುಗಿಸಬೇಕಾದದ್ದು ಇದನ್ನೇ.

ಮರುವರ್ಷ ಸ್ವಲ್ಪ ಮೇಲೆ ಬಂದೆವು. ಅಭಿನಂದನೆ, ಶಾಲು, ಹಾರ ಎಲ್ಲ ಆಯಿತು. ಇದು ಕಡತ ಸರಿಯಾಗಿ ಇಟ್ಟುಕೊಳ್ಳುವ ಕೆಲಸ, ಅಷ್ಟೇ ಎಂದು ನಾನೂ ನಂಬಿದೆ.

ಅದರ ಮುಂದಿನ ವರ್ಷ ಮತ್ತೆ ಇಳಿದೆವು. ಈ ಸಲ ಹಾಳೆಯಲ್ಲಿ ಒಂದು ಸಾಲೂ ತಪ್ಪಿರಲಿಲ್ಲ.

ಆಗ ಬೇರೆ ಲೆಕ್ಕ ಮಾಡಿದೆ. ಹಿಂದಿನ ಹತ್ತು ವರ್ಷದಲ್ಲಿ ಯಾವ ವಿಭಾಗದಿಂದ ಯಾರು, ಯಾವಾಗ ನಿವೃತ್ತರಾದರು, ಅವರ ಜಾಗಕ್ಕೆ ಯಾರು ಬಂದರು ಎಂದು ಸಿಬ್ಬಂದಿ ಶಾಖೆಯ ಅಧೀಕ್ಷಕರ ಜೊತೆ ಕೂತು ಪಟ್ಟಿ ಮಾಡಿದೆ. ವಿಭಾಗವೊಂದಕ್ಕೆ ಒಬ್ಬ ಪ್ರಾಧ್ಯಾಪಕ, ಇಬ್ಬರು ಸಹ ಪ್ರಾಧ್ಯಾಪಕರು, ನಾಲ್ವರು ಸಹಾಯಕ ಪ್ರಾಧ್ಯಾಪಕರು ಬೇಕೆಂಬುದು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠವಾದ ಅಳತೆ. ಏಳು ಜನ ಇರಬೇಕಾದ ಕಡೆ ಇಬ್ಬರು ಕಾಯಂ ಉಳಿದಿದ್ದ ವಿಭಾಗಗಳು ಒಂದೆರಡಲ್ಲ. ಒಂದರಲ್ಲಂತೂ ಮುಖ್ಯಸ್ಥರೇ ಬೇರೆ ವಿಭಾಗದವರು.

ಆ ಪಟ್ಟಿಯನ್ನು ರ‍್ಯಾಂಕ್ ಪಟ್ಟಿಯ ಪಕ್ಕದಲ್ಲಿಟ್ಟಾಗ ಒಂದು ವಿಷಯ ಕಣ್ಣಿಗೆ ಕಟ್ಟಿತು. ಒಬ್ಬ ಒಳ್ಳೆಯ ಸಂಶೋಧಕ ನಿವೃತ್ತರಾದ ವರ್ಷ ಏನೂ ಆಗುವುದಿಲ್ಲ. ಅವರು ಕಳಿಸಿದ್ದ ಪ್ರಬಂಧಗಳು ಇನ್ನೂ ಒಂದೆರಡು ವರ್ಷ ಅಚ್ಚಾಗುತ್ತಲೇ ಇರುತ್ತವೆ. ಅವರ ಕೊನೆಯ ಪಿಎಚ್‌.ಡಿ. ವಿದ್ಯಾರ್ಥಿಗಳು ಮೂರನೆಯ ವರ್ಷಕ್ಕೋ ನಾಲ್ಕನೆಯದಕ್ಕೋ ಮಹಾಪ್ರಬಂಧ ಒಪ್ಪಿಸುತ್ತಾರೆ. ಅದರ ಜೊತೆಗೆ ರ‍್ಯಾಂಕ್ ಕೊಡುವವರು ಪ್ರಕಟಣೆಯನ್ನೂ ಪಿಎಚ್‌.ಡಿ. ಪದವಿಯನ್ನೂ ಮೂರು ವರ್ಷದ ಲೆಕ್ಕದಲ್ಲಿ ನೋಡುತ್ತಾರೆ. ಅಂದರೆ ಖಾಲಿ ಬಿದ್ದ ಹುದ್ದೆಯ ಏಟು ಅಂಕಪಟ್ಟಿಗೆ ತಗಲುವುದಕ್ಕೆ ನಾಲ್ಕೈದು ವರ್ಷ ಬೇಕು. ನಮ್ಮ ತೋಟದಲ್ಲಿ ಅಪ್ಪ ಹೇಳುತ್ತಿದ್ದರು, ತೆಂಗಿಗೆ ಈ ಬೇಸಿಗೆ ನೀರು ತಪ್ಪಿದರೆ ಕಾಯಿ ಕಮ್ಮಿಯಾಗೋದು ಬರೋ ವರ್ಷ, ಆಗ ಮಳೆಯನ್ನು ಬೈದು ಏನು ಬಂತು ಎಂದು. ಸಭೆಯಲ್ಲಿ ನಾವು ಬೈಯುತ್ತಿದ್ದದ್ದು ಈ ವರ್ಷದ ಹಾಳೆಯನ್ನು. ಇಳಿದದ್ದು ಐದು ವರ್ಷದ ಹಿಂದೆ, ಐದು ಬೀಳ್ಕೊಡುಗೆ ಸಮಾರಂಭಗಳಲ್ಲಿ, ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗ.

ಇಷ್ಟು ಗೊತ್ತಾದ ಮೇಲೆ ಅಡ್ಡದಾರಿಯ ಮಾತು ಬರುತ್ತದೆ, ಬಂತು ಕೂಡ. ಒಂದೇ ಸೆಮಿಸ್ಟರ್ ಪಾಠ ಮಾಡಿದ ಅತಿಥಿಗಳನ್ನೂ ಎರಡು ಸೆಮಿಸ್ಟರ್ ಎಂದು ತೋರಿಸಿದರೆ ಯಾರು ನೋಡುತ್ತಾರೆ ಎಂದು ಕೇಳಿದರು. ಕೇಳಿದವರು ಕೆಟ್ಟವರಲ್ಲ, ಸಂಸ್ಥೆಯ ಮೇಲಿನ ಪ್ರೀತಿಯಿಂದಲೇ ಕೇಳಿದರು. ನಾನು ಆಗುವುದಿಲ್ಲ ಎಂದೆ. ನಾವು ಕೊಟ್ಟ ಮಾಹಿತಿಯನ್ನು ನಮ್ಮ ಜಾಲತಾಣದಲ್ಲೇ ಹಾಕಬೇಕು, ಓದುವವರು ನಮ್ಮ ವಿದ್ಯಾರ್ಥಿಗಳೇ. ಯಾವ ಮೇಷ್ಟ್ರು ಯಾವಾಗ ಬಂದರು, ಯಾವಾಗ ಹೋದರು ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಡೆದದ್ದನ್ನು ಆ ದಿನ ಅವರಿಗೆ ವಿವರಿಸಿದೆ. 2022ರ ಫೆಬ್ರವರಿಯಲ್ಲಿ ಅಲ್ಲಿನದೇ ಗಣಿತ ಪ್ರಾಧ್ಯಾಪಕ ಮೈಕೆಲ್ ಥಾಡಿಯಸ್, ತಮ್ಮ ವಿಶ್ವವಿದ್ಯಾಲಯ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ರ‍್ಯಾಂಕ್ ಕೊಡುವ ಯುಎಸ್ ನ್ಯೂಸ್ ಪಟ್ಟಿಗೆ ಕೊಟ್ಟ ತರಗತಿ ಗಾತ್ರ, ಅಧ್ಯಾಪಕರ ಅರ್ಹತೆ ಮುಂತಾದ ಅಂಕಿಗಳು ನಿಜಕ್ಕೆ ಹೊಂದುವುದಿಲ್ಲ ಎಂದು ಒಂದೊಂದಾಗಿ ತೋರಿಸಿ ಬರೆದರು. ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯ ತಪ್ಪು ಒಪ್ಪಿಕೊಂಡಿತು. ಎರಡನೆಯ ಸ್ಥಾನದಲ್ಲಿದ್ದದ್ದು ಹದಿನೆಂಟಕ್ಕೆ ಹೋಯಿತು. ಅಷ್ಟು ದೊಡ್ಡ ಹೆಸರಿನ ಜಾಗಕ್ಕೇ ಹೀಗೆ. ನಮ್ಮಲ್ಲೂ ಈಗ ಪ್ರಕಟವಾದ ಮೇಲೆ ದೋಷ ಕಂಡು ಹಿಂತೆಗೆದುಕೊಂಡ ಪ್ರಬಂಧಗಳಿಗೆ 2025ರಿಂದ ಅಂಕ ಕಡಿತ ಶುರುವಾಗಿದೆ. ಪ್ರಬಂಧಗಳ ಸಂಖ್ಯೆ ಹೆಚ್ಚಿಸಿ ಎಂದು ಒತ್ತಡ ಹಾಕುವವರು ಇದನ್ನು ನೆನಪಿಡಬೇಕು.

ಪಟ್ಟಿ ನಮ್ಮಂಥವರಿಗೆ ಅನ್ಯಾಯ ಮಾಡುವ ಜಾಗಗಳೂ ಇವೆ. ಹೊರರಾಜ್ಯದ ವಿದ್ಯಾರ್ಥಿಗಳು ಎಷ್ಟಿದ್ದಾರೆ ಎಂಬುದಕ್ಕೆ ಅಂಕವಿದೆ. ನಮ್ಮ ವಿದ್ಯಾರ್ಥಿಗಳು ಬರುವುದು ಸುತ್ತಲಿನ ಮೂರು ಜಿಲ್ಲೆಗಳಿಂದ, ಬೆಳಿಗ್ಗೆ ಆರೂವರೆಯ ಕೆಂಪು ಬಸ್ಸಿನಲ್ಲಿ. ಅವರಿಗಾಗಿಯೇ ಕಟ್ಟಿದ ವಿಶ್ವವಿದ್ಯಾಲಯ ಇದು. ಆ ಕಾಲಂನಲ್ಲಿ ನಮಗೆ ಅಂಕ ಬರದಿದ್ದರೆ ನಾನು ಬೇಸರಪಟ್ಟುಕೊಳ್ಳುವುದಿಲ್ಲ. ಸಂಬಳದ ಕಾಲಂ ಮಾತ್ರ ನೋಯಿಸುತ್ತದೆ. ಕೆಲಸಕ್ಕೆ ಸೇರಿದವರ ಮಧ್ಯಾಂಕ ಸಂಬಳ (ಎಲ್ಲರ ಸಂಬಳವನ್ನು ಕ್ರಮವಾಗಿ ಜೋಡಿಸಿದರೆ ನಟ್ಟನಡುವೆ ಬರುವುದು) ಬೇಕು, ಅದಕ್ಕಾಗಿ ಹಳೆಯ ವಿದ್ಯಾರ್ಥಿಗಳಿಗೆ ನಾವೇ ಫೋನು ಮಾಡುತ್ತೇವೆ. ಎಂಎಸ್ಸಿಯಲ್ಲಿ ಚಿನ್ನದ ಪದಕ ಪಡೆದ ಹುಡುಗಿ ಖಾಸಗಿ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ‘ಸರ್, ನನ್ನ ಸಂಬಳ ಬರ್ಕೋಬೇಡಿ, ನಿಮ್ ರ‍್ಯಾಂಕ್ ಇನ್ನೂ ಕೆಳಗೆ ಹೋಗತ್ತೆ’ ಅಂದಳು. ಬರೆದುಕೊಂಡೆ ಕಣಮ್ಮ, ನೀನೂ ಲೆಕ್ಕದಲ್ಲಿರಬೇಕು ಎಂದೆ.

ಅಂಕಿಯ ಏರಿಳಿತಕ್ಕೆಲ್ಲ ಸಂಸ್ಥೆಯೇ ಕಾರಣ ಅಲ್ಲ ಎಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗಿಂತ ಬೇರೆ ಉದಾಹರಣೆ ಬೇಡ. ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ 2016ರಿಂದ 2025ರವರೆಗೆ ಒಂದು ವರ್ಷವೂ ತಪ್ಪದೆ ಅದೇ ಮೊದಲು. ಅದೇ ಸಂಸ್ಥೆ ಕ್ಯೂಎಸ್ ಎಂಬ ವಿದೇಶಿ ಸಂಸ್ಥೆಯ ಜಾಗತಿಕ ರ‍್ಯಾಂಕ್ ಪಟ್ಟಿಯಲ್ಲಿ 2022ರ ಜೂನ್‌ನಲ್ಲಿ 155ನೆಯ ಸ್ಥಾನದಲ್ಲಿತ್ತು, 2023ರ ಜೂನ್‌ನಲ್ಲಿ 225. ಆ ಒಂದು ವರ್ಷದಲ್ಲಿ ಕ್ಯೂಎಸ್‌ನವರು ಅಳೆಯುವ ಕೋಲನ್ನೇ ಬದಲಿಸಿದ್ದರು. ಅಧ್ಯಾಪಕ–ವಿದ್ಯಾರ್ಥಿ ಅನುಪಾತದ ತೂಕ 20ರಿಂದ 10ಕ್ಕೆ ಇಳಿದಿತ್ತು, ವಿದ್ವಾಂಸರ ಅಭಿಪ್ರಾಯದ ತೂಕ 40ರಿಂದ 30ಕ್ಕೆ, ಹೊಸದಾಗಿ ಮೂರು ಅಂಶಗಳು ಸೇರಿದ್ದವು. ಹೀಗಾಗಿ ಪಟ್ಟಿ ಬಂದ ಕೂಡಲೇ ನಾನು ಮೊದಲು ನೋಡುವುದು ನಮ್ಮ ಸ್ಥಾನವನ್ನಲ್ಲ, ಈ ಸಲ ನಿಯಮದಲ್ಲಿ ಏನು ಬದಲಾಗಿದೆ ಎಂಬುದನ್ನು. ಪತ್ರಿಕೆಯವರು ಫೋನು ಮಾಡಿದರೆ ಅದನ್ನೂ ಹೇಳುತ್ತೇನೆ.

ಇಷ್ಟಾದರೂ ಹೆಸರು ಬೇರೆ, ಸ್ಥಾನ ಬೇರೆ. ಹೆಸರು ಬರುವುದು ಅಧ್ಯಾಪಕರಿಂದ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯಕ್ಕೆ ಎರಡು ವರ್ಷದ ಮೇಲೆ ರಾಧಾಕೃಷ್ಣನ್ ತತ್ತ್ವಶಾಸ್ತ್ರ ಹೇಳಲು ಬಂದರು. ತತ್ತ್ವಶಾಸ್ತ್ರದ ವಿದ್ವಾಂಸ ಹಿರಿಯಣ್ಣನವರೂ ಕವಿ ಬಿ.ಎಂ. ಶ್ರೀಕಂಠಯ್ಯನವರೂ ಅದೇ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದರು. 1921ರಲ್ಲಿ ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಸಾರೋಟು ಎಳೆದುಕೊಂಡು ರೈಲು ನಿಲ್ದಾಣಕ್ಕೆ ಹೋದದ್ದನ್ನು ಮೈಸೂರಿನವರು ಇವತ್ತಿಗೂ ಹೇಳುತ್ತಾರೆ. ಧಾರವಾಡದಲ್ಲಿ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಹದಿಮೂರು ವರ್ಷ! ಕುಲಪತಿಯೊಬ್ಬರು ತಾವು ನೇಮಿಸಿದ ತರುಣ ಅಧ್ಯಾಪಕ ಬೆಳೆದು ತನ್ನದೇ ಶಿಷ್ಯರನ್ನು ತಯಾರು ಮಾಡುವುದನ್ನು ಅಧಿಕಾರದಲ್ಲಿದ್ದೇ ನೋಡಬಹುದಾದಷ್ಟು ಕಾಲ. ಈಗ ಕುಲಪತಿಗಳ ಅವಧಿ ನಾಲ್ಕು ವರ್ಷ. ನಾನು ಮೇಲೆ ಹೇಳಿದ ನಾಲ್ಕೈದು ವರ್ಷದ ಲೆಕ್ಕ ಹಿಡಿದರೆ, ಒಬ್ಬರು ಮಾಡಿದ ಒಳ್ಳೆಯ ನೇಮಕದ ಫಲ ಮುಂದಿನವರ ಕಾಲಕ್ಕೆ, ಒಬ್ಬರು ಖಾಲಿ ಬಿಟ್ಟದ್ದರ ಪೆಟ್ಟೂ ಮುಂದಿನವರಿಗೇ. ಯಾರಿಗೂ ತಮ್ಮ ಕೆಲಸದ ಅಂಕ ತಮ್ಮ ಕಾಲದಲ್ಲಿ ಸಿಗುವುದಿಲ್ಲ. ನೇಮಕಾತಿಗೆ ಸರ್ಕಾರದ ಒಪ್ಪಿಗೆ ಬೇಕು, ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು, ಮೀಸಲಾತಿಯ ರೋಸ್ಟರ್ ಆಗಬೇಕು, ಅದೆಲ್ಲ ನನಗೂ ಗೊತ್ತು. ಆದರೆ ಒಪ್ಪಿಗೆ ಕೇಳುವ ಪತ್ರ ಹುದ್ದೆ ಖಾಲಿಯಾದ ಮೇಲೆ ಯಾಕೆ ಹೋಗಬೇಕು? ನಿವೃತ್ತಿಯ ದಿನಾಂಕ ಸೇವಾ ಪುಸ್ತಕದ ಮೊದಲ ಪುಟದಿಂದಲೇ ಲೆಕ್ಕ ಸಿಗುತ್ತದಲ್ಲ.

ಹಾಗಾಗಿ ಈಗ ಪ್ರತಿ ವರ್ಷ ಎನ್‌ಐಆರ್‌ಎಫ್ ಹಾಳೆಗಳ ಕಡತದ ಮೇಲೆ ಇನ್ನೊಂದು ಪುಟ ಸೇರಿಸಿ ಕುಲಸಚಿವರಿಗೆ ಮಂಡಿಸುತ್ತೇನೆ. ಅದನ್ನು ಯಾರೂ ಕೇಳಿಲ್ಲ. ಮುಂದಿನ ಐದು ವರ್ಷದಲ್ಲಿ ಯಾವ ವಿಭಾಗದಿಂದ ಯಾರು, ಯಾವ ತಿಂಗಳು ನಿವೃತ್ತರಾಗುತ್ತಾರೆ, ಅವರ ಬಳಿ ಎಷ್ಟು ಸಂಶೋಧನಾ ವಿದ್ಯಾರ್ಥಿಗಳಿದ್ದಾರೆ, ಅವರು ಹೋದ ಮೇಲೆ ಆ ವಿಷಯ ಹೇಳಲು ಕಾಯಂ ಅಧ್ಯಾಪಕರು ಯಾರು ಉಳಿಯುತ್ತಾರೆ ಎಂಬ ಪಟ್ಟಿ. ಮೊದಲ ಎರಡು ವರ್ಷ ಅದು ಕಡತದಲ್ಲೇ ಉಳಿಯಿತು. ಕಳೆದ ವರ್ಷ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಸಭೆಯಲ್ಲಿ ಓದಿಸಿದರು, ಇಬ್ಬರು ವಿಭಾಗ ಮುಖ್ಯಸ್ಥರು ಸಭೆ ಮುಗಿದ ಮೇಲೆ ನನ್ನ ಕೊಠಡಿಗೆ ಬಂದು ಪ್ರತಿ ತೆಗೆದುಕೊಂಡು ಹೋದರು. ಈ ಸಲದ ಪುಟದಲ್ಲಿ ಮೊದಲ ಸಾಲು ಸಸ್ಯಶಾಸ್ತ್ರ: ಇಬ್ಬರು, ಒಬ್ಬರು ಮೇ ಕೊನೆಗೆ, ಒಬ್ಬರು ಜುಲೈ ಕೊನೆಗೆ. ಅವರ ಬಳಿ ಏಳು ಮಂದಿ ಸಂಶೋಧನಾ ವಿದ್ಯಾರ್ಥಿಗಳಿದ್ದಾರೆ. ಕೊನೆಯ ಕಾಲಂ ಖಾಲಿ ಇದೆ.